ಪಿಕಾನ್‌ನ ಬಲಮಗ್ಗುಲು

ಅಥವಾ ಅದು ದೂಳೇ ಇರಬಹುದು. ಈ ಸೀಮೆಯಲ್ಲಿ ದೂಳು ಹೊಗದ ಕಣ್ಣು ಯಾವುದಿದೆ? ವಸಂತದಲ್ಲಿ ಗಾಳಿ ಎದ್ದರೆ ಉಪ್ಪುನೆಲದ ಬಿಳಿಪುಡಿ ಮನುಷ್ಯರ ಹಲ್ಲಿನ ಮೇಲೂ ಕುದುರೆಗಳ ರೆಪ್ಪೆಯ ಮೇಲೂ ಒಂದೇ ಸಮನೆ ಕೂರುತ್ತದೆ. ಕಣ್ಣಲ್ಲಿ ನೀರು ಸುರಿಯುತ್ತದೆ, ತೊಳೆದರೆ ಹೋಗುತ್ತದೆ. ಹಾಗೆಂದು ತಾನೇ ಅಲ್ಲವೇ ಮಗಳಿಗೆ ಹೇಳಿದ್ದು? ಅವಳು ಕುದುರೆಯ ಕಣ್ಣು ತೊಳೆದಳು, ನೀರು ಸುರಿಯುವುದು ನಿಂತಿತು. ಹಾಗಾದರೆ ದೂಳೇ. ಆದರೆ ದೂಳಾಗಿದ್ದರೆ ಎರಡು ಕಣ್ಣಿಗೂ ಬೀಳಬೇಕಿತ್ತಲ್ಲ. ಬಲಗಣ್ಣೊಂದನ್ನೇ ಹುಡುಕಿಕೊಂಡು ಬರುವ ದೂಳು ಯಾವ ಊರಿನದು?

ಲೀಲಂಡ್ ಉರಿಯಾರ್ಟೆ ದುಂಡು ದೊಡ್ಡಿಯ ಹೊರಗೆ ಬಕೆಟ್ಟನ್ನು ಬೋರಲು ಹಾಕಿ ಕೂತು ಇದನ್ನೇ ಮಗುಚಿ ಮಗುಚಿ ನೋಡುತ್ತಿದ್ದ. ದೊಡ್ಡಿಯೊಳಗೆ ಮಗಳು ಮೈಟೆ ಕೋಲಿನ ತುದಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕುದುರೆಯ ಬಲಮಗ್ಗುಲಲ್ಲಿ ನಿಂತಿದ್ದಳು. ಚೀಲ ಪರಪರ ಸದ್ದು ಮಾಡಿ ಕುದುರೆಯ ಭುಜ ಮುಟ್ಟಿತು. ಕುದುರೆ ನೆಲ ಬಿಟ್ಟು ಪಕ್ಕಕ್ಕೆ ನೆಗೆದು, ಕಬ್ಬಿಣದ ಬೇಲಿಗೆ ಮೈ ಬಡಿದುಕೊಂಡು, ನಡುಗುತ್ತ ನಿಂತಿತು.

"ಹೋ, ಹೋ. ಏನೂ ಇಲ್ಲ ಕಣೋ, ಅದೇ ಚೀಲ," ಎಂದಳು ಮೈಟೆ. "ಎಡಗಡೆಯಿಂದ ನಿನ್ನೆ ಇದನ್ನೇ ಮೂಸಿ ನೋಡಿದ್ಯಲ್ಲ. ಮರೆತುಹೋಯ್ತಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೀಲಂಡ್‌ಗೆ ಅದೇ ಕಷ್ಟವಾಗುತ್ತಿದ್ದುದು. ಅವಳು ಒಂದು ಸಲವಾದರೂ ತಾಳ್ಮೆ ಕಳೆದುಕೊಂಡು ಚೀಲ ಎಸೆದುಬಿಟ್ಟಿದ್ದರೆ ತಾನು ಎದ್ದು ಏನಾದರೂ ಹೇಳಬಹುದಿತ್ತು.

ಅವನ ಸೊಂಟದ ಕೀಲು ಒಂದು ಹೆಣ್ಣುಗುದುರೆಯ ಕೆಳಗೆ ಸಿಕ್ಕಿ ಮುರಿದ ಮೇಲೆ ಅವನು ಜೀನಿನ ಮೇಲೆ ಕೂತದ್ದಿಲ್ಲ. ಉಳಿದದ್ದು ಬಾಯಿ. ಆ ಬಾಯಿಯೂ ಹೆಚ್ಚು ತೆರೆಯುವಂಥದ್ದಲ್ಲ. ಅವನ ಅಪ್ಪ ಪಿರೆನೀಸ್ ಬೆಟ್ಟಗಳಿಂದ ಬಂದು ನೆವಾಡಾದ ಗುಡ್ಡಗಳಲ್ಲಿ ಕುರಿ ಕಾಯ್ದವನು. ತಿಂಗಳುಗಟ್ಟಲೆ ಮಾತಿಲ್ಲದೆ ಇದ್ದು ಊರಿಗೆ ಬಂದಾಗಲೂ ಮಾತು ಹುಡುಕುತ್ತಿದ್ದವನು. ಆ ಮನೆಯಲ್ಲಿ ಮೌನ ಎಂದರೆ ಕೋಪವಲ್ಲ, ಅದು ಕುರ್ಚಿ ಮೇಜಿನ ಹಾಗೆ ಇರುವ ಒಂದು ಸಾಮಾನು. ಆದರೂ ಲೀಲಂಡ್ ಮಗಳಿಗೆ ಕುದುರೆಯ ವಿದ್ಯೆ ಕಲಿಸಿದ್ದ. ಅವಳು ಚಿಕ್ಕವಳಿದ್ದಾಗ ಹೇಳಿದ ಮೊದಲ ಪಾಠವೇ ಇದು: "ಒಂದು ಕುದುರೆ ಒಳಗೆ ಎರಡು ಕುದುರೆ ಇರ್ತವೆ ಮಗಳೇ. ಎಡಗಣ್ಣಿಂದ ನೋಡೋದು ಒಂದು, ಬಲಗಣ್ಣಿಂದ ನೋಡೋದು ಇನ್ನೊಂದು. ಒಂದಕ್ಕೆ ಹೇಳಿದ್ದು ಇನ್ನೊಂದರ ಕಿವಿಗೆ ಬೀಳಲ್ಲ. ಎರಡಕ್ಕೂ ಬೇರೆ ಬೇರೆ ಪಾಠ ಹೇಳ್ಬೇಕು."

ಈ ಕಡೆ ಕುದುರೆಯವರೆಲ್ಲರೂ ನಂಬುವ ಮಾತು ಅದು. ಬಲಗಡೆ ಬೆದರುವ ಕುದುರೆ ಎಂದರೆ ಅದರ ಬಲಗಡೆಗೆ ಪಾಠ ಸಾಲದು ಎಂದೇ ಅರ್ಥ. ಹಾಗಾಗಿ ಮೈಟೆ ವಸಂತದಿಂದಲೂ ಪಿಕಾನ್‌ಗೆ ಬಲಗಡೆಯ ಪಾಠ ಹೇಳುತ್ತಲೇ ಇದ್ದಳು. ಚೀಲ, ತಾಡಪಾಲು, ಹಗ್ಗ, ಬಾವುಟ. ಎಲ್ಲವೂ ಬಲಗಡೆಯಿಂದ, ಇನ್ನೊಂದು ಸಲ, ಮತ್ತೊಂದು ಸಲ.

ಪಿಕಾನ್ ಎಂಬುದು ಅವಳೇ ಇಟ್ಟ ಹೆಸರು. ಅವಳ ತಾತನ ಕಡೆಯ ಬಾಸ್ಕ್ ಜನ ಊಟಕ್ಕೆ ಮೊದಲು ಕುಡಿಯುವ ಕಹಿ ಪಾನೀಯದ ಹೆಸರು ಅದು; ಆ ಗಾಜಿನ ಲೋಟದ ಕೆಂಗಂದು ಬಣ್ಣವೇ ಕುದುರೆಯ ಮೈಗೆ. ಸರ್ಕಾರದವರು ಬೆಟ್ಟದಿಂದ ಹಿಡಿದು ತಂದ ಕಾಡುಕುದುರೆಗಳನ್ನು ಪಳಗಿಸುವ ಸ್ಪರ್ಧೆಗೆ ಬಂದವರಿಗೆ ಚೀಟಿ ಎತ್ತಿ ಹಂಚಿದಾಗ ಅವಳ ಪಾಲಿಗೆ ಬಂದದ್ದು ಇದು. ವಸಂತದಲ್ಲಿ ಕೊಂಡೊಯ್ದವರು ಬೇಸಗೆಯ ಕೊನೆಗೆ ರೀನೋ ನಗರದ ಅಖಾಡಕ್ಕೆ ತಂದು, ಜನರ ಮುಂದೆ ಸವಾರಿ ಮಾಡಿ ತೋರಿಸಬೇಕು. ಅಲ್ಲೇ ಹರಾಜು. ಪಿಕಾನ್ ಈಗಾಗಲೇ ಎರಡು ಸಲ ಹರಾಜಿಗೆ ನಿಂತು ಯಾರಿಗೂ ಬೇಡವಾಗಿ ಹಿಂದಿರುಗಿತ್ತು. ಮೂರನೇ ಸಲವೂ ಬೇಡವಾದರೆ ಅದನ್ನು ಯಾರು ಯಾತಕ್ಕೆ ಬೇಕಾದರೂ, ಮಾಂಸಕ್ಕಾದರೂ, ಕೊಳ್ಳಬಹುದು. ಅಂಥವನ್ನು ತುಂಬಿಕೊಂಡ ಲಾರಿಗಳು ಎಲ್ಲಿಗೆ ಹೋಗುತ್ತವೆಂದು ಈ ಕಡೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ.

ಮೈಟೆಯೂ ಹಿಂದಕ್ಕೆ ಹೋಗಲು ದಾರಿ ಇಟ್ಟುಕೊಂಡಿರಲಿಲ್ಲ. ಚಿನ್ನದ ಗಣಿಯ ಕಚೇರಿಯ ಕೆಲಸ ಬಿಟ್ಟು ಬಂದಿದ್ದಳು. ಅಖಾಡದಲ್ಲಿ ಹೆಸರು ಬಂದರೆ ಜನ ತಮ್ಮ ಮರಿಗುದುರೆಗಳನ್ನು ಇವಳ ಕೈಗೆ ಕೊಡುತ್ತಾರೆ, ಈ ದೊಡ್ಡಿಯಲ್ಲೇ ಬದುಕು ಕಟ್ಟಿಕೊಳ್ಳಬಹುದು. ಇಲ್ಲವಾದರೆ ಮತ್ತೆ ಅದೇ ಕಿಟಕಿಯಿಲ್ಲದ ಕೋಣೆ.

ಪಕ್ಕದ ಜಮೀನಿನ ಡ್ವೇನ್ ಪಿಕೆಟ್ ತನ್ನ ಲಡಕಾಸಿ ಟ್ರಕ್ಕಿನಿಂದ ಇಳಿದು ಬಂದು ಬೇಲಿಗೆ ಮೊಣಕೈ ಊರಿದ.

"ಏನಯ್ಯಾ ಲೀ, ಬಕೆಟ್ಟಿನ ಮೇಲೆ ಕಾವಿಗೆ ಕೂತಿದೀಯಾ? ಮರಿ ಯಾವಾಗ ಹೊರಗೆ ಬರುತ್ತೆ?"

ಡ್ವೇನ್ ಉತ್ತರಕ್ಕೆ ಕಾಯದೆ ದೊಡ್ಡಿಯ ಕಡೆ ತಿರುಗಿದ.

"ನಿನ್ನ ಕುದುರೆ ನನ್ನ ಮೊದಲ್ನೇ ಹೆಂಡ್ತಿ ಥರ ಕಣೇ ಮೈಟೆ. ಒಂದು ಕಡೆಯಿಂದ ಮಾತಾಡಿಸಿದ್ರೆ ದೇವತೆ. ಇನ್ನೊಂದು ಕಡೆಯಿಂದ ಹೋದ್ರೆ ಕೈಗೆ ಸಿಕ್ಕಿದ್ದು ಮುಖಕ್ಕೇ."

"ಎರಡ್ನೇಯವಳು?"

"ಅವಳಿಗೆ ಕಡೆ ಗಿಡೆ ಏನೂ ಇರಲಿಲ್ಲ. ಸುತ್ತ ಒದೀತಿದ್ಲು."

ಮೈಟೆ ನಕ್ಕಳು. ಕುದುರೆ ಅವಳ ನಗುವಿಗೆ ತಲೆ ಪೂರ್ತಿ ತಿರುಗಿಸಿ, ಎಡಗಣ್ಣಿನಿಂದ ಅವಳನ್ನು ಹುಡುಕಿತು. ಕೊರಳನ್ನು ಅಷ್ಟು ದೂರ ಬಳಸಿಕೊಂಡು ನೋಡುವ ಕುದುರೆಯನ್ನು ಲೀಲಂಡ್ ಹಿಂದೆ ಒಂದೇ ಒಂದು ಸಲ ಸಾಕಿದ್ದ.

ಮೈಟೆ ಹುಲ್ಲಿನ ಪೆಂಡಿ ತರಲು ಊರಿಗೆ ಹೋದ ಒಂದು ದಿನ ಅವನು ಬಕೆಟ್ಟಿನಿಂದ ಎದ್ದು, ಕುಂಟಿಕೊಂಡು ದೊಡ್ಡಿಯೊಳಗೆ ಹೋದ. ಪಿಕಾನ್ ಅವನನ್ನು ಎಡಗಡೆಯಿಂದ ಹತ್ತಿರ ಬಿಟ್ಟುಕೊಂಡಿತು. ಅವನು ಎಡಗಣ್ಣಿನ ಮುಂದೆ ಬೆರಳು ತಂದ. ರೆಪ್ಪೆ ಬಡಿಯಿತು. ಕುತ್ತಿಗೆ ಸವರುತ್ತ, ಗದ್ದದ ಕೆಳಗಿನಿಂದ ನುಸುಳಿ ಬಲಗಡೆಗೆ ಬಂದ. ಹಣೆಯ ದಟ್ಟ ಕೂದಲನ್ನು ಮೇಲೆತ್ತಿದ. ಗಾಳಿ ಕೂಡ ಅಲುಗದಂತೆ ಬೆರಳನ್ನು ಕಣ್ಣಿನ ಹತ್ತಿರ, ಇನ್ನೂ ಹತ್ತಿರ ತಂದ.

ರೆಪ್ಪೆ ಬಡಿಯಲಿಲ್ಲ.

ಕಿವಿ ಮಾತ್ರ ಅವನ ಉಸಿರಿನ ಕಡೆಗೆ ತಿರುಗಿ ನೆಟ್ಟಗೆ ನಿಂತಿತ್ತು. ಬಿಸಿಲಿಗೆ ಓರೆ ಮಾಡಿ ನೋಡಿದರೆ ಕಣ್ಣಿನ ಆಳದಲ್ಲಿ, ನೀರಿಗೆ ಬಿದ್ದ ಒಂದು ಹನಿ ಹಾಲು ಇನ್ನೂ ಕರಗದೆ ನಿಂತ ಹಾಗೆ, ನೀಲಿಬಿಳುಪು.

ಅವನು ಬೇಲಿ ಹಿಡಿದುಕೊಂಡ. ಹಿಂದೆ ಅವನ ಸ್ವಂತ ಕುದುರೆಗೆ ಹೀಗೇ ಆಗಿತ್ತು. ಕಣ್ಣಿನೊಳಗಿನ ಉರಿ, ಬರುತ್ತದೆ, ಹೋಗುತ್ತದೆ, ಹೋಗುವಾಗಲೆಲ್ಲ ಇಷ್ಟಿಷ್ಟು ಬೆಳಕನ್ನು ಕೊಂಡೊಯ್ಯುತ್ತದೆ. ಮೊದಲ ಸಲ ನೀರು ಸುರಿದಾಗಲೇ ಕರೆತಂದಿದ್ದರೆ ಉಳಿಸಬಹುದಿತ್ತು ಎಂದು ಪಶುವೈದ್ಯ ಅಂದಿದ್ದ. ಆ ಮಾತು ಅವನಿಗೆ ಮರೆತಿರಲಿಲ್ಲ. ವಸಂತದಲ್ಲಿ ಮೈಟೆ ಹತ್ತಿ ಒದ್ದೆ ಮಾಡಿಕೊಂಡು, ಏನನ್ನೋ ಗುನುಗುತ್ತ ಆ ಕಣ್ಣು ಒರೆಸುತ್ತಿದ್ದಾಗಲೂ ನೆನಪಿತ್ತು. ವೈದ್ಯ ಬಂದರೆ ಕುದುರೆಯನ್ನು ಹಿಂದಕ್ಕೆ ಕೊಂಡೊಯ್ಯುತ್ತಾರೆ, ಅವಳ ಗುನುಗು ನಿಲ್ಲುತ್ತದೆ ಎಂದು ಅನ್ನಿಸಿತ್ತು. ದೂಳು, ಎಂದಿದ್ದ.

ಈಗ ಅವನ ಕಣ್ಣಿಗೆ ಕಟ್ಟಿದ್ದು ಈ ಕುದುರೆಯ ಪಾಡು. ದಿನಾ ಕತ್ತಲಿನೊಳಗಿಂದ ಯಾವುದೋ ಒಂದು ಬಂದು ಮೈಗೆ ಬಡಿಯುತ್ತದೆ. ಅದೇ ಕತ್ತಲಿನೊಳಗಿಂದ ಒಂದು ಹೆಣ್ಣುದನಿ ಏನೂ ಇಲ್ಲ, ಏನೂ ಇಲ್ಲ ಎನ್ನುತ್ತದೆ. ಅದು ಚೀಲಕ್ಕೆ ಒಗ್ಗಿಕೊಂಡದ್ದಲ್ಲ. ಆ ದನಿಗಾಗಿ ತಡೆದುಕೊಂಡದ್ದು. ಎರಡು ಕುದುರೆ, ಎರಡು ಪಾಠ ಎಂದು ಹೇಳಿಕೊಟ್ಟವನು ತಾನು.

ಅವತ್ತು ಊಟಕ್ಕೆ ಕುರಿಮಾಂಸದ ಸಾರು, ಬೆಳ್ಳುಳ್ಳಿ ಹಾಕಿದ ಬೀನ್ಸ್ ಕಾಳು. ಅವನು ಹೇಳಬೇಕೆಂದೇ ಕೂತಿದ್ದ. ಮಾತು ನಾಲಿಗೆಯ ಮೇಲೇ ಇತ್ತು. ಮೈಟೆ ಬ್ರೆಡ್ಡು ಮುರಿಯುತ್ತ ಅಂದಳು, "ಅಪ್ಪ, ಸಂಜೆ ತಾಡಪಾಲು ಬಲಗಡೆಯಿಂದ ಬೆನ್ನ ಮೇಲೆ ಹಾಕಿದೆ. ಅಲುಗಲಿಲ್ಲ. ನಡುಗ್ತಾ ಇದ್ದ, ಆದ್ರೆ ಕಾಲು ಕೀಳಲಿಲ್ಲ. ಬರ್ತಾ ಇದೆ ಅಪ್ಪ. ನೀನು ಹೇಳಿದ್ದು ನಿಜ, ಬಿಡದೆ ಹಿಡೀಬೇಕು ಅಷ್ಟೆ."

"ನಾಳೆ ಗಾಳಿ ಜೋರಿರಬಹುದು," ಎಂದ ಲೀಲಂಡ್.

ಹೇಳಿದರೆ ಸ್ಪರ್ಧೆಯಿಲ್ಲ. ಒಂದು ಕಣ್ಣಿನ ಕಾಡುಕುದುರೆ ಹಿಂದಕ್ಕೆ ಹೋಗುತ್ತದೆ, ಅಲ್ಲಿಂದ ಲಾರಿಗೆ. ಹೇಳದಿದ್ದರೆ ಯಾರಾದರೂ ಒಳ್ಳೆಯವರ ಕೈಗೆ ಸಿಕ್ಕೀತು. ದೊಡ್ಡ ಹುಲ್ಲುಗಾವಲಿರುವ ಯಾರಾದರೂ. ಈ ಲೆಕ್ಕವನ್ನು ಅವನು ಎಷ್ಟೋ ಸಲ ಹಾಕಿದ. ಪ್ರತಿ ಸಲವೂ ಅದು ಸರಿಹೋಗುತ್ತಿತ್ತು. ಅದಕ್ಕೇ ಅವನಿಗೆ ಅದರ ಮೇಲೆ ನಂಬಿಕೆ ಬರಲಿಲ್ಲ.

ಹೇಳುವ ಬದಲು ಅವನು ಬೇರೆ ಒಂದು ಕೆಲಸ ಮಾಡಿದ. ಅಖಾಡದಲ್ಲಿ ತೋರಿಸಬೇಕಾದ ಸವಾರಿಯನ್ನು ಪೂರ್ತಿ ಬದಲಾಯಿಸು ಎಂದ. ಸುತ್ತುಗಳೆಲ್ಲ ಎಡಕ್ಕೆ, ಬಾವುಟ ಎಡಗೈಯಲ್ಲಿ, ಗೇಟು ತೆಗೆಯುವುದು ಎಡಗಡೆಯಿಂದ, ಬಲಮಗ್ಗುಲು ಸದಾ ಬೇಲಿಯ ಕಡೆಗೆ.

ಮೈಟೆ ಲಗಾಮನ್ನು ಜೀನಿನ ಮುಂದಿನ ಗೂಟಕ್ಕೆ ಸುತ್ತಿ ಕುದುರೆಯಿಂದ ಇಳಿದೇ ಬಿಟ್ಟಳು. "ಇಷ್ಟು ದಿನ ಬಲಗಡೆ, ಬಲಗಡೆ ಅಂತ ನನ್ನ ಜೀವ ತಿಂದೆ. ಈಗ ಬಚ್ಚಿಡು ಅಂತೀಯಾ?"

"ಬಚ್ಚಿಡು ಅಂದ್ನಾ? ಚೆಂದ ಕಾಣೋ ಕಡೆ ತೋರಿಸು ಅಂದೆ."

"ನನ್ನ ಕೆಲಸದ ಮೇಲೆ ನಿನಗೆ ನಂಬಿಕೆ ಇಲ್ಲ. ಬಾಯಿಬಿಟ್ಟು ಹೇಳು ಅಪ್ಪ, ಅರ್ಧ ಕುದುರೆ ಮಾಡಿದೀಯ ಅಂತ ಹೇಳು."

ಅವನು ಸುಮ್ಮನಿದ್ದ. ಅವಳು ಆ ಮೌನವನ್ನು ಹೌದು ಎಂದು ತಿಳಿದುಕೊಂಡಳು. ಅದು ಅವಳ ಮುಖದಲ್ಲಿ ಇಳಿಯುವುದನ್ನು ಅವನು ಕೂತು ನೋಡಿದ. ಮಾರನೇ ದಿನದಿಂದ ಅವಳು ಎಡಸುತ್ತುಗಳನ್ನೇ ಅಭ್ಯಾಸ ಮಾಡಿದಳು. ಗುನುಗು ಮಾತ್ರ ನಿಂತಿತ್ತು.

ರೀನೋದ ಅಖಾಡದ ಹಿಂಭಾಗದಲ್ಲಿ ಹೊಸ ಮರದ ಹೊಟ್ಟಿನ ವಾಸನೆ, ಕಾಫಿಯ ವಾಸನೆ, ಧ್ವನಿವರ್ಧಕದಲ್ಲಿ ಗಿಟಾರು. ಲೀಲಂಡ್ ಬಾಚಣಿಗೆ ಹಿಡಿದು ಪಿಕಾನ್‌ನ ಹಣೆಗೂದಲನ್ನು ತಾನೇ ಬಾಚಿದ. ಎಲ್ಲವನ್ನೂ ಬಲಕ್ಕೆ ಎಳೆದು, ಕಣ್ಣಿನ ಮೇಲೆ ಇಳಿಬಿಟ್ಟ.

"ಕತ್ತರಿಸಿ ಸಮ ಮಾಡೋಣ್ವಾ?" ಎಂದಳು ಮೈಟೆ.

"ಬೇಡ. ಕಾಡಿಂದ ಬಂದದ್ದು ಕಾಡಿನ ಥರ ಕಾಣ್ಲಿ. ಜನಕ್ಕೆ ಅದೇ ಇಷ್ಟ."

ಅವಳು ಬೆರಗಿನಿಂದ ಅಪ್ಪನನ್ನು ನೋಡಿದಳು. ಅವನು ಅಷ್ಟುದ್ದ ಮಾತಾಡಿದ್ದು ಅಪರೂಪ. ಇಡೀ ಬೇಸಗೆಯಲ್ಲಿ ಅಪ್ಪ ತನ್ನ ಕುದುರೆಗೆ ಕೈಯಾರೆ ಮಾಡಿದ ಮೊದಲ ಉಪಚಾರ ಇದೆಂದು ಅವಳಿಗೆ ಅನ್ನಿಸಿರಬೇಕು. ಹತ್ತಿರ ಬಂದು ಅವನ ತೋಳು ಹಿಡಿದುಕೊಂಡಳು. ಪರೀಕ್ಷೆಗೆ ಬಂದ ವೈದ್ಯ ಕುದುರೆಯ ಕಾಲುಗಳನ್ನು ಸವರಿ, ಹಲ್ಲು ನೋಡಿ, ಎಡಗಡೆ ನಿಂತು ನಾಡಿ ಹಿಡಿದು, ಮುಂದಿನ ಕುದುರೆಗೆ ಹೋದ.

ಅವಳ ಸರದಿ ಬಂದಾಗ ಲೀಲಂಡ್ ಕಟಕಟೆಯ ಸಂದಿನಿಂದ ನೋಡಿದ. ಪಿಕಾನ್ ನೀರು ಹರಿದ ಹಾಗೆ ಓಡಿತು. ಎಡಸುತ್ತು ಸಣ್ಣದಾಗಿ, ಮತ್ತೆ ದೊಡ್ಡದಾಗಿ. ಬಾವುಟ ಅವಳ ಎಡಗೈಯಲ್ಲಿ ಪಟಪಟನೆ ಬಡಿಯಿತು. ಅವಳು ಲಗಾಮನ್ನು ಕುತ್ತಿಗೆಯ ಮೇಲೆ ಬಿಟ್ಟು ಬರೀ ಮೈಯ ತೂಕದಿಂದ ಅದನ್ನು ತಿರುಗಿಸಿದಳು. ಕೊನೆಗೆ ಬಲಗಡೆಯ ಸಾಲುಗಳಿಂದ ಚಪ್ಪಾಳೆ ಒಮ್ಮೆಲೇ ಸಿಡಿಯಿತು. ಕುದುರೆಯ ಚರ್ಮ ಅಲೆಯಲೆಯಾಗಿ ನಡುಗಿತು. ಅವಳು ಬಗ್ಗಿ ಬಲಗೈಯನ್ನು ಅದರ ಕೊರಳಿಗೆ ಒತ್ತಿ ಹಿಡಿದಳು. ಅದು ನಿಂತಿತು. ಆ ಕತ್ತಲಲ್ಲಿ ಅದಕ್ಕೆ ಗೊತ್ತಿದ್ದದ್ದು ಆ ಒಂದು ಅಂಗೈ. ಇಂಥ ಕೈ ತನಗೆಂದೂ ಇರಲಿಲ್ಲ ಎಂದು ಲೀಲಂಡ್‌ಗೆ ಆ ಕ್ಷಣ ಸ್ಪಷ್ಟವಾಗಿ ತಿಳಿಯಿತು.

ಮೂರನೇ ಸ್ಥಾನ ಬಂತು. ಡ್ವೇನ್ ಟೋಪಿ ಎಸೆದು, ಅದು ಯಾರದೋ ಬಿಯರಿನೊಳಗೆ ಬಿದ್ದು, ಅವರ ಹತ್ತಿರ ಬೈಸಿಕೊಂಡ.

ಹರಾಜಿಗೆ ಮೊದಲು ಒಬ್ಬ ಹೆಂಗಸು ಬಂದಳು. ಲೊರೇನ್ ಹಾಲಿಸ್ಟರ್ ಎಂದು ಹೆಸರು, ಬಿಸಿಲಿಗೆ ಸುಕ್ಕುಗಟ್ಟಿದ ನಗುಮುಖ. ಗುಡ್ಡದಾಚೆಯ ಊರಿನಲ್ಲಿ ಬಾವುಟ ಹಿಡಿದು ಸವಾರಿ ಮಾಡುವ ಹೆಂಗಸರ ತಂಡವೊಂದು ಅವಳದು; ರೋಡಿಯೋ ಎಂಬ ಕುದುರೆಪಂದ್ಯಗಳಲ್ಲಿ, ಊರ ಮೆರವಣಿಗೆಗಳಲ್ಲಿ ಮುಂದೆ ಹೋಗುವವರು.

"ನೋಡಮ್ಮ, ನಮಗೆ ರಸ್ತೆಯ ಎರಡೂ ಕಡೆ ಜನ ಇರ್ತಾರೆ," ಎಂದಳು ಅವಳು ಮೈಟೆಗೆ. "ಬ್ಯಾಂಡು, ಬಲೂನು, ಕಿರುಚೋ ಮಕ್ಕಳು. ಇವನಿಗೆ ಯಾವ ಕಡೆಯಾದ್ರೂ ಕೊಂಕು ಇದ್ರೆ ಈಗಲೇ ಹೇಳಿಬಿಡು, ಬೇಜಾರಿಲ್ಲ."

ಮೈಟೆ ಮುಚ್ಚಿಡಲಿಲ್ಲ. "ಬಲಗಡೆ ತಡವಾಗಿ ಬಂತು ಮೇಡಂ. ತುಂಬ ಕಷ್ಟಪಟ್ಟೆ. ಆದ್ರೆ ಬಂದಿದೆ."

ಲೊರೇನ್ ಲೀಲಂಡ್‌ನ ಕಡೆ ತಿರುಗಿದಳು. "ನೀವು ಹಳಬರು. ನೀವೇನಂತೀರಿ?"

ಮಾತಿಗೆ ಇದಕ್ಕಿಂತ ಅಗಲವಾದ ಬಾಗಿಲು ಯಾರೂ ತೆರೆದುಕೊಡುವುದಿಲ್ಲ. ಮಗಳು ಅವನ ಮುಖವನ್ನೇ ನೋಡುತ್ತಿದ್ದಳು. ಇಡೀ ಬೇಸಗೆ ಕೇಳಬೇಕೆಂದಿದ್ದ ಮಾತನ್ನು ಈಗಲಾದರೂ ಆಡುತ್ತಾನೇನೋ ಎಂಬಂತೆ ನೋಡುತ್ತಿದ್ದಳು.

"ನನ್ನ ಮಗಳು ಕಲಿಸಿದ ಕುದುರೆ," ಎಂದ ಲೀಲಂಡ್.

ಮೈಟೆಯ ಕಣ್ಣಲ್ಲಿ ನೀರು ಬಂತು. ಲೊರೇನ್ ತಲೆಯಾಡಿಸಿ, ಟೋಪಿ ಸರಿಮಾಡಿಕೊಂಡು ಹೋದಳು.

ಹರಾಜುಗಾರ ಬಡಬಡನೆ ಕೂಗತೊಡಗಿದಾಗ ಒಂದು ಹಂತದಲ್ಲಿ ಲೀಲಂಡ್‌ನ ಕೈ ತಾನಾಗಿ ಮೇಲೆದ್ದಿತು. ಡ್ವೇನ್ ಅದನ್ನು ಹಿಡಿದು ಕೆಳಗೆಳೆದ.

"ಏಯ್, ತಲೆ ಕೆಟ್ಟಿದೆಯಾ ನಿನಗೆ? ನಿನ್ನ ಕುದುರೆನೇ ನೀನು ಕೊಳ್ತೀಯಾ? ಜನ ನೋಡಿದ್ರೆ ಹುಡುಗಿ ಹೆಸರಿಗೆ ಮಣ್ಣು. ಅಪ್ಪನೇ ಬೆಲೆ ಏರಿಸ್ತಿದ್ದಾನೆ ಅಂತಾರೆ."

"ಹೋಗ್ಲಿ ಅಪ್ಪ," ಎಂದು ಮೈಟೆ ನಗುತ್ತ, ಅಳುತ್ತ ಅಂದಳು. "ಅವನು ನಾಲ್ಕು ಜನರ ಮುಂದೆ ಇರಬೇಕಾದವನು. ನಮ್ಮ ದೊಡ್ಡಿಯಲ್ಲಿ ಏನಿದೆ?"

ಕೈ ಕೆಳಗೇ ಉಳಿಯಿತು. ಲೊರೇನ್‌ಗೆ ಪಿಕಾನ್ ಆಯಿತು. ಟ್ರೈಲರಿಗೆ ಹತ್ತುವಾಗ ಅದು ಕೊರಳನ್ನು ಪೂರ್ತಿ ಬಳಸಿ ಹಿಂದಕ್ಕೆ ನೋಡಿತು. ಮೈಟೆ ಬಲಗಡೆ ನಿಂತಿದ್ದಳು. ಅದಕ್ಕೆ ಅವಳು ಸಿಕ್ಕಳೋ ಇಲ್ಲವೋ.

ಅದಾದ ಕೆಲವು ವಾರ ಅವರ ಮನೆಯಲ್ಲಿ ಫೋನು ಬಡಿಯುತ್ತಲೇ ಇತ್ತು. ಯಾರದೋ ಮರಿಗುದುರೆ, ಯಾರದೋ ಹಟಮಾರಿ ಹೆಣ್ಣುಗುದುರೆ. ಮೈಟೆ ಮತ್ತೆ ಗುನುಗತೊಡಗಿದಳು. ಲೀಲಂಡ್ ಫೋನಿನ ಸದ್ದಿಗೆ ಪ್ರತಿ ಸಲವೂ ತಲೆ ಎತ್ತುತ್ತಿದ್ದ. ಬೇರೆಯವರ ದನಿ ಕೇಳಿದರೆ ತಲೆ ತಗ್ಗಿಸುತ್ತಿದ್ದ.

ಬೇಸಗೆ ಮುಗಿದು, ಒಣಸೀಮೆಯ ಸೇಜ್ ಪೊದೆಗಳು ಹಳದಿ ಹೂ ಬಿಟ್ಟ ಕಾಲಕ್ಕೆ ಲೊರೇನ್ ಫೋನು ಮಾಡಿದಳು. ಮೈಟೆ ನಿಂತುಕೊಂಡೇ ಕೇಳಿದಳು. ಮೊದಲು ಹೌದು, ಹೌದು ಎಂದಳು. ಆಮೇಲೆ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. ಫೋನು ಇಟ್ಟ ಮೇಲೆ ಗೋಡೆಯ ಕಡೆಗೇ ನೋಡುತ್ತ ಅಪ್ಪನಿಗೆ ಹೇಳಿದಳು: ಮೆರವಣಿಗೆಯಲ್ಲಿ ಬ್ಯಾಂಡಿನವರು ಅಡ್ಡರಸ್ತೆಯಿಂದ ಬಲಗಡೆಗೆ ಬಂದು ಸೇರಿಕೊಂಡರು. ಡೋಲು ಬಡಿದ ಕೂಡಲೇ ಪಿಕಾನ್ ಪಕ್ಕಕ್ಕೆ ನೆಗೆದು ಡಾಂಬರಿನ ಮೇಲೆ ಜಾರಿ ಬಿತ್ತು. ಸವಾರಿ ಮಾಡುತ್ತಿದ್ದವಳ ಕಾಲು ಎರಡು ಕಡೆ ಮುರಿದಿದೆ. ಕುದುರೆಯನ್ನು ಮಾರುಕಟ್ಟೆಯ ಹರಾಜಿಗೆ ಕಳಿಸಿಬಿಟ್ಟಿದ್ದಾರೆ.

"ಬಲಗಡೆ ಕೆಟ್ಟ ಕುದುರೆ ಅಂದ್ಳು," ಎಂದಳು ಮೈಟೆ. "ಬೈಯಲಿಲ್ಲ ಅಪ್ಪ. ಬೈದಿದ್ರೆ ವಾಸಿಯಿತ್ತು. ನೀನು ಇನ್ನೂ ಚಿಕ್ಕವಳು, ಕಲೀತೀಯ ಬಿಡು ಅಂದ್ಳು."

ಅವಳು ಆ ಮಾರುಕಟ್ಟೆಗೆ ಫೋನು ಮಾಡಿದಳು. ಕಂದು ಕುದುರೆ, ಕುತ್ತಿಗೆಯ ಮೇಲೆ ಸರ್ಕಾರದ ಬಿಳಿ ಗುರುತು, ಎಂದು ವಿವರಿಸಿದಳು. ಅಂಥವು ಹಲವು ಇದ್ದವು, ಲಾರಿ ಹೋಗಿ ಆಯಿತು ಎಂದರು. ಎಲ್ಲಿಗೆ ಎಂದು ಅವಳು ಕೇಳಿದಳು. ಈ ಕಡೆ ಯಾರೂ ಕೇಳದ ಪ್ರಶ್ನೆಯನ್ನು ಕೇಳಿದಳು. ಆ ಕಡೆಯವನು ಫೋನು ಇಟ್ಟ.

ಪಿಕಾನ್‌ನ ಕಣ್ಣನ್ನು ಯಾರೂ ನೋಡಿರಲಿಲ್ಲ. ನೋಡಬೇಕೆಂದು ಯಾರಿಗೂ ತೋಚುವಂತಿರಲಿಲ್ಲ. ಬಲಗಡೆ ಬೆದರಿದ ಕುದುರೆ ಎಂದರೆ ಕುದುರೆಯವರಿಗೆ ತಿಳಿಯುವುದು ಒಂದೇ ಸಂಗತಿ: ಕಲಿಸಿದ ಕೈ ಅವಸರದ್ದು. ಆ ಮಾತು ಒಂದು ದೊಡ್ಡಿಯಿಂದ ಇನ್ನೊಂದಕ್ಕೆ ನಡೆದುಕೊಂಡೇ ಹೋಯಿತು. ಮರಿಗುದುರೆಗಳನ್ನು ಕಳಿಸುತ್ತೇವೆಂದವರು ಮುಂದಿನ ವರ್ಷ ನೋಡೋಣ ಎಂದರು.

ಮೊದಲ ಹಿಮ ಬೀಳುವ ಮುನ್ನ ಮೈಟೆ ದೊಡ್ಡಿಯ ಕಬ್ಬಿಣದ ಚೌಕಟ್ಟುಗಳನ್ನು ಒಂದೊಂದಾಗಿ ಕಳಚಿದಳು. ಡ್ವೇನ್ ಅವನ್ನು ತನ್ನ ದನಗಳಿಗೆ ಕೊಂಡುಕೊಂಡಿದ್ದ. ಅವನು ಟ್ರಕ್ಕನ್ನು ಹಿಂದಕ್ಕೆ ಬಿಟ್ಟು ಇಳಿದ. ಆ ದಿನ ಅವನಿಗೂ ತಮಾಷೆ ಬರಲಿಲ್ಲ.

"ಗಣಿಯವರು ಮತ್ತೆ ಕರೆದ್ರಾ?" ಎಂದು ಮಾತ್ರ ಕೇಳಿದ.

"ಸೋಮವಾರದಿಂದ."

"ಹ್ಞೂಂ. ಬೆಚ್ಚಗಾದ್ರೂ ಇರುತ್ತೆ ಅಲ್ಲಿ."

ಚೌಕಟ್ಟಿನ ಒಂದು ತುದಿಯನ್ನು ಲೀಲಂಡ್ ಹಿಡಿದ, ಇನ್ನೊಂದನ್ನು ಮೈಟೆ. ತಣ್ಣಗಿನ ಕಬ್ಬಿಣ ಬೆರಳಿಗೆ ಅಂಟುತ್ತಿತ್ತು. ನಡುವೆ ಅವಳು ನಿಂತು ತನ್ನ ಬಲ ಅಂಗೈಯನ್ನು ಬಿಡಿಸಿ, ಅದು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.

"ನೀನು ಮುಂಚೇನೇ ಕಂಡಿದ್ದೆ ಅಲ್ವಾ ಅಪ್ಪ?" ಎಂದಳು.

ಲೀಲಂಡ್ ತನ್ನ ತುದಿಯನ್ನು ನೆಲಕ್ಕೆ ಇಳಿಸಿದ.

"ನನ್ನ ಕೈಯಲ್ಲಿ ಅದಿಲ್ಲ ಅಂತ," ಎಂದಳು ಅವಳು. "ಎಡಕ್ಕೆ ತಿರುಗಿಸು, ಬಲಗಡೆ ತೋರಿಸಬೇಡ ಅಂದಾಗಲೇ ನಾನು ತಿಳ್ಕೋಬೇಕಿತ್ತು. ನೀನು ಹೇಳಕ್ಕೆ ನೋಡಿದೆ. ನಾನೇ ಜಗಳ ಆಡಿದೆ."

ಗಾಳಿ ಎದ್ದು ದೊಡ್ಡಿ ಇದ್ದ ಜಾಗದ ದುಂಡು ಮಣ್ಣನ್ನು ಕೆದಕಿ ಇಬ್ಬರ ಮೇಲೂ ಎರಚಿತು. ಮೈಟೆ ಕಣ್ಣುಜ್ಜಿಕೊಂಡಳು.

"ದೂಳು," ಎಂದ ಲೀಲಂಡ್.

ಅವಳು ತಲೆಯಾಡಿಸಿ ತನ್ನ ತುದಿಯನ್ನು ಎತ್ತಿದಳು. ಅವನು ತನ್ನದನ್ನು ಎತ್ತಿದ. ಚೌಕಟ್ಟುಗಳೆಲ್ಲ ಟ್ರಕ್ಕಿಗೆ ಏರಿದವು. ಅವಳು ಗಣಿಗೆ ಹೋಗಿ ಬರತೊಡಗಿದಳು. ಜೀನಿಗೆ ಒಂದು ಹಳೆಯ ಹೊದಿಕೆ ಹೊದಿಸಿ ಕೊಟ್ಟಿಗೆಯಲ್ಲಿಟ್ಟಳು; ಕುದುರೆಯ ಮೇಲೆ ಮತ್ತೆ ಕೈಯಿಡಲಿಲ್ಲ. ಅಪ್ಪ ಮಗಳು ಅದೇ ಮೇಜಿಗೆ ಕೂತು ಊಟ ಮಾಡಿದರು, ಗಾಳಿಯ ಮಾತಾಡಿದರು, ಎಷ್ಟೋ ಚಳಿಗಾಲ ಕಳೆದವು.

ಪಿಕಾನ್‌ಗೆ ಬಲಗಣ್ಣು ಕಾಣುತ್ತಿರಲಿಲ್ಲ, ಅದು ತನಗೆ ಗೊತ್ತಿತ್ತು, ನಿನ್ನ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲ ಎಂದು ಲೀಲಂಡ್ ಮಗಳಿಗೆ ಎಂದೂ ಹೇಳಲಿಲ್ಲ.